ಸಾವಿರ ಪುಟಕ್ಕೆ 72 ರೂಪಾಯಿ ಅಂದರು: ಜಾಹೀರಾತು ಎಕ್ಸ್‌ಚೇಂಜ್ ಜೊತೆ ನನ್ನ 14 ತಿಂಗಳು

ಮೊದಲೇ ಒಂದು ಮಾತು. ನನ್ನ ಸೈಟಿನ ಜಾಹೀರಾತು ಜಾಗ ಮಾರಿಕೊಡುತ್ತೇನೆ ಅಂತ ಬಂದ ಈ ಕಂಪನಿಯ ಹೆಸರು ಹೇಳುವುದಿಲ್ಲ. ಪ್ರೀತಿಯಿಂದಲ್ಲ. ಎರಡು ತಿಂಗಳ ದುಡ್ಡು ಇನ್ನೂ ಅವರ ಹತ್ತಿರವೇ ಇದೆ, ಮೇಲಿಂದ ನಾನು ಸಹಿ ಹಾಕಿದ ಕರಾರಿನಲ್ಲಿ ವ್ಯವಹಾರದ ಗುಟ್ಟು ಬಿಟ್ಟುಕೊಡಬಾರದು ಅಂತ ಒಂದು ಸಾಲಿದೆ. ಹೆಸರು ಗೊತ್ತಾಗದಿದ್ದರೂ ನಿಮಗೆ ನಷ್ಟವಿಲ್ಲ. ಇಂಥ ಕಂಪನಿಗಳು ಬೇಕಾದಷ್ಟಿವೆ, ಎಲ್ಲರ ಮೇಲ್ ಕೂಡ ಒಂದೇ ಅಚ್ಚಿನದ್ದು. "ನಿಮ್ಮ ಸೈಟ್ ನೋಡಿದೆವು, ತುಂಬಾ ಚೆನ್ನಾಗಿದೆ, ಆದಾಯ ಡಬಲ್ ಮಾಡಿಕೊಡುತ್ತೇವೆ, ಹತ್ತು ನಿಮಿಷ ಮಾತಾಡಬಹುದಾ?" ಸಣ್ಣದೋ ದೊಡ್ಡದೋ ಒಂದು ವೆಬ್‌ಸೈಟ್ ನಡೆಸುವವರಿಗೆಲ್ಲ ಇದು ವಾರಕ್ಕೊಂದು ಬರುತ್ತದೆ. ನಾನು ಒಂದಕ್ಕೆ ಉತ್ತರ ಕೊಟ್ಟೆ. ಅದರ ಕತೆ ಇದು.

ನನ್ನ ಸೈಟ್ ಪೂರ್ತಿ ಕನ್ನಡದ್ದು. ಅಡಿಕೆ ತೋಟ, ಕಾಳುಮೆಣಸು, ಏಲಕ್ಕಿ, ಜೊತೆಗೆ ಅಮ್ಮ ಹೇಳಿದ ಒಂದಿಷ್ಟು ತಂಬುಳಿ, ಅಪ್ಪೆಹುಳಿ. ಶಿರಸಿ ಕಡೆಯ ಮನೆ, ಬೆಂಗಳೂರಿನ ಕೆಲಸ, ಶನಿವಾರ ರಾತ್ರಿ ಬರವಣಿಗೆ. ಸಾಮಾನ್ಯ ತಿಂಗಳಲ್ಲಿ 90 ಸಾವಿರ ಪುಟ ಓದುತ್ತಾರೆ. ಜೂನ್ ಜುಲೈನಲ್ಲಿ ಮಳೆ ಹಿಡಿದು ಅಡಿಕೆಗೆ ಕೊಳೆರೋಗ ಶುರುವಾಯಿತು ಅಂದರೆ ಎರಡು ಲಕ್ಷ ದಾಟುತ್ತದೆ, ಯಾಕೆಂದರೆ ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಲೇಖನ ಒಂದಿದೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಷ್ಟೇ ಲೆಕ್ಕ. ಆದರೂ ಪ್ರತಿ ವರ್ಷ ಜನ ಬಂದು ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ನಮ್ಮ ದೊಡ್ಡಪ್ಪನೂ ಸೇರಿ.

ಶುರುವಿನಿಂದ ಗೂಗಲ್‌ನ ಆಡ್‌ಸೆನ್ಸ್ ಇತ್ತು, ನಮ್ಮ ಸೈಟಿನಲ್ಲಿ ಜಾಹೀರಾತು ಹಾಕಿ ಅದರ ದುಡ್ಡಲ್ಲಿ ಪಾಲು ಕೊಡುವ ವ್ಯವಸ್ಥೆ. ಭಾರತದ ಭಾಷೆಗಳಲ್ಲಿ ಅದು ಮೊದಲು ಹಿಂದಿಯನ್ನು ಒಪ್ಪಿಕೊಂಡಿದ್ದು 2014ರ ಕೊನೆಗೆ. ತಮಿಳಿಗೆ 2018ರಲ್ಲಿ ಜಾಗ ಸಿಕ್ಕಿತು, ಕನ್ನಡದ ಸರದಿ ಅದರ ನಂತರ ಬಂತು. ಅಲ್ಲಿಯವರೆಗೆ ಕನ್ನಡದಲ್ಲಿ ಬರೆಯುತ್ತಿದ್ದವರು ಇಂಗ್ಲಿಷಿನ ನಾಲ್ಕು ಲೇಖನ ಹಾಕಿ ಒಪ್ಪಿಗೆ ತಗೊಂಡು, ಆಮೇಲೆ ಮೆಲ್ಲಗೆ ಕನ್ನಡಕ್ಕೆ ತಿರುಗುವ ಕಸರತ್ತು ಮಾಡುತ್ತಿದ್ದರು. ಆಡ್‌ಸೆನ್ಸ್ ಲೆಕ್ಕ ನೇರವಾಗಿದೆ. ಖಾತೆಯಲ್ಲಿ 10 ಡಾಲರ್ ಆದಾಗ ಅಂಚೆಯಲ್ಲಿ ಒಂದು ಪಿನ್ ಬರುತ್ತದೆ, 100 ಡಾಲರ್ ಆದಾಗ ಬ್ಯಾಂಕಿಗೆ ದುಡ್ಡು ಬರುತ್ತದೆ. ಜಾಹೀರಾತುದಾರ ಕೊಟ್ಟಿದ್ದರಲ್ಲಿ ನೂರಕ್ಕೆ ಸುಮಾರು 68 ಪಾಲು ನಮಗೆ ಅಂತ ಅವರೇ ಬಹಿರಂಗವಾಗಿ ಹೇಳಿದ್ದಾರೆ. ನನಗೆ ಸಾವಿರ ಪುಟಕ್ಕೆ 38 ರೂಪಾಯಿ ಬೀಳುತ್ತಿತ್ತು. ತಿಂಗಳಿಗೆ 3,400 ರೂಪಾಯಿ ಹತ್ತಿರ. ಎರಡು ಮೂರು ತಿಂಗಳಿಗೊಮ್ಮೆ ದುಡ್ಡು ಬಂದಾಗ ಹೋಸ್ಟಿಂಗ್ ಖರ್ಚು ಕಳೆದು ಮನೆಯವರಿಗೆ ಒಂದು ಮಸಾಲೆ ದೋಸೆ. ತಕರಾರು ಇರಲಿಲ್ಲ.

ಆಸೆ ಹುಟ್ಟಿಸಿದ್ದು ಆ ಮೇಲ್.

ಅವರು ಮಾರುತ್ತಿದ್ದದ್ದು ಎಕ್ಸ್‌ಚೇಂಜ್‌ಗೆ ಪ್ರವೇಶ. ಇದೇನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಗೊತ್ತಿದ್ದವರು ಎರಡು ಪ್ಯಾರಾ ಹಾರಿಸಿ. ನೀವು ಒಂದು ಪುಟ ತೆರೆದಿರಿ. ಅದರಲ್ಲಿ ಜಾಹೀರಾತಿಗೆ ಅಂತ ಒಂದು ಚೌಕ ಖಾಲಿ ಇದೆ. ಆ ಚೌಕ ಯಾರಿಗೆ ಅಂತ ಮೊದಲೇ ನಿರ್ಧಾರ ಆಗಿರುವುದಿಲ್ಲ. ಪುಟ ತೆರೆದ ಗಳಿಗೆಯಲ್ಲಿ ಒಂದು ಕೋರಿಕೆ ಎಕ್ಸ್‌ಚೇಂಜ್‌ಗೆ ಹೋಗುತ್ತದೆ: ಈ ವಿಳಾಸದ ಪುಟ, ಈ ಅಳತೆಯ ಚೌಕ, ಓದುವವರು ಆಂಡ್ರಾಯ್ಡ್ ಫೋನಿನವರು, ಸುಮಾರು ಈ ಊರಿನವರು, ಇವರ ಕುಕಿ ನಂಬರ್, ಅಂದರೆ ಇವರ ಬ್ರೌಸರಿಗೆ ಅಂಟಿಸಿದ ಗುರುತು, ಇಷ್ಟು. ಎಕ್ಸ್‌ಚೇಂಜ್ ಅದನ್ನು ಕೊಳ್ಳುವವರ ಕಡೆಯ ಕಂಪ್ಯೂಟರ್‌ಗಳಿಗೆಲ್ಲ ಕೂಗಿ ಹೇಳುತ್ತದೆ. ಬೇಕಾದವರು ಬೆಲೆ ಬರೆದು ಕಳಿಸುತ್ತಾರೆ. ಜಾಸ್ತಿ ಬರೆದವರ ಜಾಹೀರಾತು ನಿಮ್ಮ ಪರದೆ ಮೇಲೆ. ಬೆಲೆ ಕೂಗುವುದಕ್ಕೆ ಸಿಗುವ ಸಮಯ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ, ಅಷ್ಟೇ. ಪುಟ ತುಂಬಿಕೊಳ್ಳುವಷ್ಟರಲ್ಲಿ ನಿಮ್ಮನ್ನು ಮಾರಿ ಆಗಿರುತ್ತದೆ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಶಿರಸಿ ಯಾರ್ಡ್‌ನಲ್ಲಿ ಅಡಿಕೆ ಟೆಂಡರ್ ನೋಡಿದವರಿಗೆ ಸಲೀಸಾಗಿ ಅರ್ಥ ಆಗುತ್ತದೆ. ಚಾಲಿಯೋ ರಾಶಿಯೋ ಬೆಟ್ಟೆಯೋ, ಮೂಟೆ ಇಳಿಸಿದ್ದಾಯಿತು, ಲಾಟ್ ನಂಬರ್ ಬಿತ್ತು. ವ್ಯಾಪಾರಿಗಳು ಬಂದು ಕೈಯಲ್ಲಿ ಹಿಡಿದು ಒಡೆದು ನೋಡಿ, ತಮ್ಮ ತಮ್ಮ ದರ ಗುಟ್ಟಾಗಿ ಹಾಕುತ್ತಾರೆ. ಟೆಂಡರ್ ತೆರೆದಾಗ ಜಾಸ್ತಿ ಹಾಕಿದವರಿಗೆ ಮಾಲು. ದರ ಇಷ್ಟವಾಗದಿದ್ದರೆ ನಾವು ಕೊಡುವುದಿಲ್ಲ ಅನ್ನಬಹುದು. ಎಕ್ಸ್‌ಚೇಂಜ್‌ನಲ್ಲಿಯೂ ಹಾಗೆ ಅನ್ನಬಹುದು, ಅದಕ್ಕೆ ಫ್ಲೋರ್ ಪ್ರೈಸ್ ಅನ್ನುತ್ತಾರೆ, ಇದಕ್ಕಿಂತ ಕಡಿಮೆಗೆ ಚೌಕ ಕೊಡಬೇಡಿ ಅಂತ. ಮೊದಲು ಇಲ್ಲೊಂದು ವಿಚಿತ್ರ ಪದ್ಧತಿ ಇತ್ತು. ಗೆದ್ದವರು ತಾವು ಕೂಗಿದ ಬೆಲೆಯನ್ನಲ್ಲ, ಎರಡನೆಯವರು ಕೂಗಿದ್ದಕ್ಕಿಂತ ಒಂಚೂರು ಮೇಲೆ ಕೊಟ್ಟರೆ ಸಾಕಿತ್ತು. 2019ರಲ್ಲಿ ಗೂಗಲ್ ತನ್ನ ಎಕ್ಸ್‌ಚೇಂಜ್ ಹರಾಜನ್ನು ಕೂಗಿದ್ದೇ ಕೊಡಬೇಕು ಅನ್ನುವ ಪದ್ಧತಿಗೆ ಬದಲಾಯಿಸಿತು, 2021ರಲ್ಲಿ ಆಡ್‌ಸೆನ್ಸನ್ನೂ. ಅಂದರೆ ಈಗ ಪಕ್ಕಾ ಅಡಿಕೆ ಟೆಂಡರ್.

ಒಂದು ವ್ಯತ್ಯಾಸ ಬಿಟ್ಟು. ಅದನ್ನು ಆಮೇಲೆ ಹೇಳುತ್ತೇನೆ, ಈ ವಿಮರ್ಶೆ ಬರೆಯುತ್ತಿರುವುದೇ ಅದಕ್ಕೆ.

ಈ ಪೇಟೆ ಹಳೆಯದೂ ಅಲ್ಲ. ರೈಟ್ ಮೀಡಿಯಾ ಅನ್ನುವ ನ್ಯೂಯಾರ್ಕಿನ ಕಂಪನಿ ಮೊದಲಿಗರಲ್ಲಿ ಒಂದು. 2007 ಒಂದೇ ವರ್ಷದಲ್ಲಿ ದೊಡ್ಡವರೆಲ್ಲ ಬುಟ್ಟಿ ಹಿಡಿದು ಬಂದರು. ಯಾಹೂ ರೈಟ್ ಮೀಡಿಯಾವನ್ನು ಪೂರ್ತಿ ತಗೊಂಡಿತು, ಮೈಕ್ರೋಸಾಫ್ಟ್ ಸುಮಾರು 600 ಕೋಟಿ ಡಾಲರಿಗೆ ಅಕ್ವಾಂಟಿವ್ ಅನ್ನುವ ಜಾಹೀರಾತು ಕಂಪನಿಯನ್ನು ಕೊಂಡಿತು, ಗೂಗಲ್ 310 ಕೋಟಿ ಡಾಲರಿಗೆ ಡಬಲ್‌ಕ್ಲಿಕ್ ಅನ್ನುವ ಇನ್ನೊಂದು ಜಾಹೀರಾತು ಕಂಪನಿಯನ್ನು ಕೊಳ್ಳುತ್ತೇನೆ ಅಂತ ಘೋಷಿಸಿತು. ಐದು ವರ್ಷದ ನಂತರ ಮೈಕ್ರೋಸಾಫ್ಟ್ ತನ್ನ ಆ ಖರೀದಿಯ ಹೆಚ್ಚುಕಮ್ಮಿ ಇಡೀ ಮೊತ್ತವನ್ನು ನಷ್ಟಕ್ಕೆ ಬರೆದುಕೊಂಡಿತು. ಡಬಲ್‌ಕ್ಲಿಕ್ ಮಾತ್ರ ಗೂಗಲ್ ಕೈಯಲ್ಲಿ ಚಿನ್ನವಾಯಿತು. 2009ರಲ್ಲಿ ಅದರ ಎಕ್ಸ್‌ಚೇಂಜನ್ನು ಕ್ಷಣಕ್ಷಣಕ್ಕೆ ಹರಾಜು ನಡೆಯುವ ಹಾಗೆ ಹೊಸದಾಗಿ ಕಟ್ಟಿ ಬಿಟ್ಟರು. ಈಗಲೂ ಜನ ಅದನ್ನು ಆಡ್‌ಎಕ್ಸ್ ಅಂತಲೇ ಕರೆಯುತ್ತಾರೆ.

ಆ ಆಡ್‌ಎಕ್ಸ್‌ಗೆ ನನ್ನಂಥ ಚಿಲ್ಲರೆ ಸೈಟಿನವರು ನೇರವಾಗಿ ಹೋಗುವುದು ಕಷ್ಟ. ದೊಡ್ಡ ಪತ್ರಿಕೆಗಳ ಸೈಟು, ಕೋಟಿಗಟ್ಟಲೆ ಪುಟದವರು, ಅವರಿಗೆ ಖಾತೆ ಸಿಗುತ್ತದೆ. ನಮ್ಮಂಥವರಿಗೆ ಮಧ್ಯದ ಕಂಪನಿಗಳು. ಗೂಗಲ್‌ನದ್ದೇ ಒಂದು ವ್ಯವಸ್ಥೆ ಇದೆ, ಎಂಸಿಎಂ ಅನ್ನುತ್ತಾರೆ, ಒಬ್ಬ ದೊಡ್ಡವನ ಖಾತೆಯ ಕೆಳಗೆ ಹತ್ತಾರು ಚಿಕ್ಕವರು ಸೇರಿಕೊಂಡು ಮಾರಾಟ ಮಾಡುವುದು. ಮನೆಯಲ್ಲಿ ಎರಡೇ ಮೂಟೆ ಅಡಿಕೆ ಇದ್ದವರು ಪಕ್ಕದ ಮನೆಯವರ ಗಾಡಿಯಲ್ಲಿ ಕಳಿಸುವ ಹಾಗೆ. ಗಾಡಿಯವರು ಬಾಡಿಗೆ ಹಿಡಿದುಕೊಳ್ಳುತ್ತಾರೆ, ತಪ್ಪಲ್ಲ. ನನ್ನ ಕಂಪನಿಯವರು 20 ಪಾಲು ತಮಗೆ, 80 ನಿಮಗೆ ಅಂದರು. ಆಡ್‌ಎಕ್ಸ್ ಜೊತೆಗೆ ಇನ್ನೂ ಒಂದಿಷ್ಟು ಎಕ್ಸ್‌ಚೇಂಜ್‌ಗಳನ್ನು ಒಟ್ಟಿಗೆ ಕೂಗಿಸುತ್ತೇವೆ, ಹೆಡರ್ ಬಿಡ್ಡಿಂಗ್ ಹಾಕುತ್ತೇವೆ ಅಂದರು. ಎಲ್ಲ ಯಾರ್ಡಿನವರನ್ನೂ ಒಂದೇ ಸಲಕ್ಕೆ ದರ ಹಾಕಿ ಅನ್ನುವುದು ಇದು. ಉಪಾಯ ಚೆನ್ನಾಗಿಯೇ ಇದೆ.

2024ರ ಜೂನ್‌ನಲ್ಲಿ ಸೇರಿಕೊಂಡೆ. ಕೊಳೆರೋಗದ ಸೀಸನ್, ಓದುಗರು ಜಾಸ್ತಿ, ಈಗಲೇ ದುಡ್ಡು ಮಾಡಿಕೊಳ್ಳಬೇಕು ಅಂತ ನನ್ನದೂ ಅವಸರ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಸೇರಿಸಿಕೊಂಡ ಹುಡುಗಿ ತುಂಬಾ ಮರ್ಯಾದೆಯಿಂದ ಮಾತಾಡಿದಳು, ಒಂದು ಸಂಜೆಯಲ್ಲಿ ಎಲ್ಲ ಜೋಡಿಸಿಕೊಟ್ಟಳು. ಡ್ಯಾಶ್‌ಬೋರ್ಡ್ ಅಂದವಾಗಿತ್ತು. ಯಾವ ಪುಟ, ಯಾವ ದೇಶ, ಯಾವ ಚೌಕ, ಎಷ್ಟು ಬಂತು, ಎಲ್ಲ ಬಣ್ಣ ಬಣ್ಣದ ಗೆರೆಗಳಲ್ಲಿ. ಅಮೆರಿಕದಲ್ಲಿ ಕೂತು ಅಪ್ಪೆಹುಳಿ ಓದುವ ಒಬ್ಬರಿಂದ ಬರುವ ದುಡ್ಡು, ಸಿದ್ದಾಪುರದಲ್ಲಿ ಕೂತು ಕೊಳೆರೋಗ ಓದುವ ಹತ್ತು ಹನ್ನೆರಡು ಜನರಿಂದ ಬರುವುದಕ್ಕೆ ಸಮ ಅಂತ ಗೊತ್ತಾಗಿದ್ದೇ ಆ ಡ್ಯಾಶ್‌ಬೋರ್ಡಿನಿಂದ. ಗೊತ್ತಾಗಿ ಖುಷಿಯಾಯಿತು ಅಂತಲ್ಲ. ಆದರೂ ಗೊತ್ತಾಯಿತು.

ಇನ್ನೊಂದು ಪಾಠ ಆಡ್ಸ್ ಡಾಟ್ ಟಿಎಕ್ಸ್‌ಟಿ. ಸೈಟಿನ ಬುಡದಲ್ಲಿ ಇಡುವ ಒಂದು ಚಿಕ್ಕ ಕಡತ, ನನ್ನ ಜಾಗವನ್ನು ಮಾರಲು ಇಂಥಿಂಥವರಿಗೆ ಅಧಿಕಾರ ಇದೆ ಅಂತ ಬರೆದಿಡುವುದು. 2017ರಲ್ಲಿ ಬಂದ ಪದ್ಧತಿ. ಆ ವರ್ಷವೇ ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಹುಡುಕಿ ನೋಡಿದಾಗ, ತನ್ನ ಹೆಸರು ಹಾಕಿಕೊಂಡ ನಕಲಿ ಜಾಗಗಳು ಎಕ್ಸ್‌ಚೇಂಜ್‌ಗಳಲ್ಲಿ ತಿಂಗಳಿಗೆ ಸುಮಾರು ಹತ್ತು ಲಕ್ಷ ಪೌಂಡಿಗೆ ಮಾರಾಟವಾಗುತ್ತಿದ್ದವು. ಬೇರೆಯವರ ತೋಟದ ಅಡಿಕೆ ಅಂತ ಹೇಳಿ ಕಸ ಮಾರಿದ ಹಾಗೆ. ಅದನ್ನು ತಡೆಯಲು ಈ ಕಡತ. ಆಡ್‌ಸೆನ್ಸ್ ಕಾಲದಲ್ಲಿ ನನ್ನದರಲ್ಲಿ ಇದ್ದದ್ದು ಒಂದೇ ಸಾಲು. ಈ ಕಂಪನಿ ಕೊಟ್ಟ ಕಡತದಲ್ಲಿ 340 ಸಾಲು ಇತ್ತು. ಅದರಲ್ಲಿ ಡೈರೆಕ್ಟ್ ಅಂತ ಇದ್ದದ್ದು ಬೆರಳೆಣಿಕೆ, ಉಳಿದದ್ದೆಲ್ಲ ರಿಸೆಲ್ಲರ್. ಅಂದರೆ ನನ್ನ ಎರಡು ಮೂಟೆ ಅಡಿಕೆಗೆ ಮುನ್ನೂರಕ್ಕೂ ಮೇಲೆ ದಲ್ಲಾಳಿಗಳು. ಅವತ್ತೇ ಅನುಮಾನ ಬರಬೇಕಿತ್ತು, ಅಲ್ವಾ?

ಬರಲಿಲ್ಲ. ಯಾಕೆಂದರೆ ಮೊದಲ ವಾರ ಡ್ಯಾಶ್‌ಬೋರ್ಡಿನಲ್ಲಿ ಸಾವಿರ ಪುಟಕ್ಕೆ 72 ರೂಪಾಯಿ ತೋರಿಸಿತು. 38 ಇದ್ದದ್ದು 72! ಮನೆಯಲ್ಲಿ ಫೋನ್ ಹಿಡಿದುಕೊಂಡು ಎಲ್ಲರಿಗೂ ತೋರಿಸಿದೆ.

ಅದು ಹೇಗೆ 72 ಆಯಿತು ಅಂತ ಆಮೇಲೆ ಕೂತು ನೋಡಿದೆ. ಮೊದಲು ಪುಟಕ್ಕೆ ಮೂರು ಚೌಕ ಇತ್ತು, ಅವರು ಏಳು ಮಾಡಿದ್ದರು. ಕೆಳಗೆ ಅಂಟಿಕೊಂಡು ಕೂರುವ ಒಂದು ಪಟ್ಟಿ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಪರದೆ ಪೂರ್ತಿ ತುಂಬುವ ಒಂದು. ಮೂಲೆಯಲ್ಲಿ ತಾನಾಗಿ ಓಡುವ ವಿಡಿಯೋ, ಅದಕ್ಕೆ ಮುಚ್ಚುವ ಗುರುತು ಎಲ್ಲಿದೆ ಅಂತ ಹುಡುಕಲು ಕನ್ನಡಕ ಬೇಕು. ಮೇಲಿಂದ ಒಂದೊಂದು ಚೌಕವೂ 30 ಸೆಕೆಂಡಿಗೊಮ್ಮೆ ತಾನೇ ಬದಲಾಗುತ್ತಿತ್ತು. ಓದುವವರು ಬದಲಾಗಿಲ್ಲ, ಪುಟವೂ ಬದಲಾಗಿಲ್ಲ, ಆದರೆ ಹರಾಜು ಮತ್ತೆ ಮತ್ತೆ. ಒಂದೇ ಮೂಟೆಯನ್ನು ನಾಲ್ಕು ಸಲ ತೂಗಿದ ಹಾಗೆ. ಹಾಗೆ ಮಾಡಿದರೆ ಸಾವಿರ ಪುಟದ ಲೆಕ್ಕ ಯಾರಿಗಾದರೂ ಏರುತ್ತದೆ. ಅದಕ್ಕೆ ಕಂಪನಿ ಬೇಕಾಗಿಲ್ಲ, ನಾಚಿಕೆ ಬಿಟ್ಟರೆ ಸಾಕು.

ಪುಟ ತೆರೆಯುವುದು ನಿಧಾನವಾಯಿತು. ಬೆಂಗಳೂರಿನ ವೈಫೈಯಲ್ಲಿ ನನಗೆ ಗೊತ್ತೇ ಆಗಲಿಲ್ಲ. ಊರಿಗೆ ಹೋದಾಗ ಮನೆ ಹಿಂದಿನ ದಿಬ್ಬ ಹತ್ತಿ, ಎರಡು ಕಡ್ಡಿ ಸಿಗ್ನಲ್‌ನಲ್ಲಿ ನನ್ನದೇ ಸೈಟ್ ತೆಗೆದೆ. ಬರಹ ಕಾಣಿಸಿತು, ಓದಲು ಶುರು ಮಾಡಿದೆ, ಮೇಲೆ ಒಂದು ಜಾಹೀರಾತು ಬಂದು ಕೂತಿತು, ಬರಹ ಕೆಳಗೆ ಹೋಯಿತು, ಹುಡುಕಿ ಮತ್ತೆ ಓದಿದೆ, ಮಧ್ಯೆ ಇನ್ನೊಂದು ಬಂತು, ಮತ್ತೆ ಕೆಳಗೆ, ಕೊನೆಗೆ ಸುಣ್ಣ ಎಷ್ಟು ಅಂತ ಇದ್ದ ಸಾಲಿನ ಮೇಲೆ ಬೆರಳಿಟ್ಟರೆ ಅದು ದಿಲ್ಲಿಯ ಹತ್ತಿರದ ಫ್ಲಾಟ್ ಮಾರುವ ಜಾಹೀರಾತಾಗಿತ್ತು. ಹಿಂದಿಯಲ್ಲಿ. ಕನ್ನಡದ ಪುಟ, ಶಿರಸಿಯ ಓದುಗ, ಹಿಂದಿಯ ಫ್ಲಾಟ್. ಕನ್ನಡದಲ್ಲಿ ಜಾಹೀರಾತು ಮಾಡಿ ಹರಾಜಿಗೆ ಬರುವವರು ಕಡಿಮೆ, ಅದಕ್ಕೇ ಬೆಲೆಯೂ ಕಡಿಮೆ, ಸಿಕ್ಕವರಿಗೆ ಚೌಕ ಹೋಗುತ್ತದೆ. ಇದು ಈ ಒಂದು ಕಂಪನಿಯ ತಪ್ಪಲ್ಲ. ಆದರೆ ಮಾರುವಾಗ ಅವರು ಇದನ್ನು ಹೇಳುವುದಿಲ್ಲ.

ಫ್ಲಾಟ್ ಆದರೂ ಪರವಾಗಿರಲಿಲ್ಲ. ಮುಂದಿನದ್ದು ರಮ್ಮಿ. ದೊಡ್ಡಪ್ಪ ಫೋನ್ ಮಾಡಿದರು.

"ತಮಾ, ನಿನ್ನ ಪೇಜಿನಲ್ಲಿ ಇಸ್ಪೀಟು ಆಡಲು ಕರೀತಾ ಇದ್ದಾರಲ್ಲೋ."

"ಅದು ನಾನು ಹಾಕಿದ್ದಲ್ಲ ದೊಡ್ಡಪ್ಪ, ತಾನೇ ಬರುತ್ತದೆ."

"ನಿನ್ನ ಮನೆ ಜಗಲಿ ಮೇಲೆ ತಾನೇ ಬಂದು ಕೂತವರಿಗೆ ಆಸರಿಗೆ ಕೊಡ್ತೀಯಾ?"

ಉತ್ತರ ಇರಲಿಲ್ಲ. ಕಂಪನಿಗೆ ಬರೆದೆ, ಜೂಜಿನ ತರಹದ್ದು ಬೇಡ, ಸಾಲದ ಆಪ್ ಬೇಡ, ಗಂಡಸುತನದ ಔಷಧಿ ಬೇಡ. ಒಂಬತ್ತು ದಿನ ಆದ ಮೇಲೆ ಉತ್ತರ ಬಂತು: ತಡೆಯಬಹುದು, ಆದರೆ ಆದಾಯ 25 ಪಾಲು ಕಡಿಮೆಯಾಗುತ್ತದೆ, ಖಾತ್ರಿಯೇ? ಖಾತ್ರಿ ಅಂದೆ. ತಡೆದರು. ಹದಿನೈದು ದಿನ ಬಿಟ್ಟು ಇನ್ನೊಂದು ಹೆಸರಿನ ರಮ್ಮಿ ಬಂತು, ಬೇರೆ ಎಕ್ಸ್‌ಚೇಂಜ್ ಮೂಲಕ. 340 ಬಾಗಿಲಿನಲ್ಲಿ ಒಂದೊಂದಕ್ಕೂ ಬೇರೆ ಬೀಗ. ಕೊನೆಗೆ ಆ ಕಾಟ ನಿಂತದ್ದು ಕಾನೂನಿನಿಂದ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು, ರಾತ್ರೋರಾತ್ರಿ ಇಸ್ಪೀಟಿನ ಎಲೆಗಳು ಮಾಯವಾದವು. ಅಷ್ಟು ಹೊತ್ತಿಗೆ ನಾನೂ ಹೊರಬೀಳುವುದರಲ್ಲಿದ್ದೆ.

ಈಗ ದುಡ್ಡಿನ ವಿಷಯ. ಗಮನ ಕೊಟ್ಟು ಓದಿ, ನಾನು ಕೊಡಲಿಲ್ಲ.

ಡ್ಯಾಶ್‌ಬೋರ್ಡಿನ 72 ಅಂದರೆ ಅವರ ಪಾಲು ಕಳೆಯುವ ಮೊದಲಿನದ್ದು. 20 ಪಾಲು ತೆಗೆದರೆ 57 ಚಿಲ್ಲರೆ. ತಿಂಗಳು ಮುಗಿದ ಮೇಲೆ "ಇನ್‌ವ್ಯಾಲಿಡ್ ಟ್ರಾಫಿಕ್" ಅಂತ ಒಂದು ಕಡಿತ, ಸುಳ್ಳು ಕ್ಲಿಕ್ಕು, ಮನುಷ್ಯರಲ್ಲದ ಬಾಟ್‌ಗಳು ಅಂತ. ಎಲ್ಲ ಕಡೆಯೂ ಈ ಕಡಿತ ಇರುತ್ತದೆ, ಇರಬೇಕು ಕೂಡ. ಆದರೆ ನನಗೆ ಪ್ರತಿ ತಿಂಗಳೂ 12ರಿಂದ 14 ಪಾಲು ಹೋಗುತ್ತಿತ್ತು, ಯಾವ ದಿನದ್ದು, ಯಾವ ಪುಟದ್ದು ಅಂತ ಕೇಳಿದರೆ "ಎಕ್ಸ್‌ಚೇಂಜ್‌ನವರು ನಮಗೂ ಹೇಳುವುದಿಲ್ಲ" ಅನ್ನುವ ಒಂದೇ ಉತ್ತರ. ಉಳಿದದ್ದು 50. ಅದೂ ಯಾವಾಗ? ತಿಂಗಳು ಮುಗಿದು 60 ದಿನ ಆದ ಮೇಲೆ. ಜೂನ್ ದುಡ್ಡು ಸೆಪ್ಟೆಂಬರಿಗೆ. ಕೊಳೆರೋಗ ಬಂದು, ಔಷಧಿ ಹೊಡೆದು, ಮಳೆ ಮುಗಿದ ಮೇಲೆ. ವಿದೇಶದಿಂದ ಬರುವ ದುಡ್ಡು ಅಂತ ಬ್ಯಾಂಕಿನವರು ಪ್ರತಿ ಸಲ ಯಾವ ಬಾಬತ್ತಿನ ದುಡ್ಡು ಅನ್ನುವ ಪರ್ಪಸ್ ಕೋಡ್ ಕೇಳಿ, ತಮ್ಮದೂ ಒಂದು ಸಣ್ಣ ಚಾರ್ಜ್ ಹಿಡಿಯುತ್ತಾರೆ.

ಆದರೂ 38ಕ್ಕಿಂತ 50 ಜಾಸ್ತಿ ತಾನೇ ಅಂತ ನೀವು ಕೇಳಬಹುದು. ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆ, ಆರು ತಿಂಗಳು. ಆಮೇಲೆ ಓದುಗರ ಲೆಕ್ಕ ನೋಡಿದೆ. ಮೊದಲು ಬಂದವರು ಸರಾಸರಿ ಎರಡೂವರೆ ಪುಟ ಓದುತ್ತಿದ್ದರು, ಈಗ ಒಂದೂವರೆಯ ಮೇಲೆ ಸ್ವಲ್ಪ. ಬಂದರು, ವಿಡಿಯೋ ನೋಡಿ ಬೈದರು, ಹೋದರು. 90 ಸಾವಿರ ಪುಟ ಇದ್ದ ತಿಂಗಳು 66 ಸಾವಿರಕ್ಕೆ ಇಳಿದಿತ್ತು. 66 ಸಾವಿರಕ್ಕೆ 50ರಂತೆ 3,300 ರೂಪಾಯಿ. ಆಡ್‌ಸೆನ್ಸ್‌ನಲ್ಲಿ 3,400 ಬರುತ್ತಿತ್ತು.

ಎರಡು ಸಲ ಲೆಕ್ಕ ಹಾಕಿ ನೋಡಿದೆ. ಸರಿ ಇತ್ತು. ನೂರು ರೂಪಾಯಿ ಕಳೆದುಕೊಂಡು, ದೊಡ್ಡಪ್ಪನ ಕೈಲಿ ಬೈಸಿಕೊಂಡು, ಓದುವ ಪುಟಗಳಲ್ಲಿ ಕಾಲು ಭಾಗಕ್ಕೂ ಮೇಲೆ ಕಳೆದುಕೊಂಡಿದ್ದೆ.

ಆಗಲೇ ಹೇಳುತ್ತೇನೆ ಅಂದಿದ್ದ ವ್ಯತ್ಯಾಸ ಇದು. ಅಡಿಕೆ ಟೆಂಡರ್ ಮುಗಿದ ಮೇಲೆ ಕೈಗೆ ಪಟ್ಟಿ ಬರುತ್ತದೆ. ಇಷ್ಟು ತೂಕ, ಇಂಥ ವ್ಯಾಪಾರಿ, ಕ್ವಿಂಟಾಲಿಗೆ ಇಷ್ಟು ದರ, ಖರ್ಚು ಇಷ್ಟು, ನಿಮ್ಮ ಕೈಗೆ ಇಷ್ಟು. ಓದು ಬಾರದ ಅಜ್ಜನೂ ಪಕ್ಕದವರ ಹತ್ತಿರ ಓದಿಸಿಕೊಂಡು ಜಗಳ ಆಡಬಹುದು. ಎಕ್ಸ್‌ಚೇಂಜ್‌ನಲ್ಲಿ ಆ ಪಟ್ಟಿ ಇಲ್ಲ. ಫ್ಲಾಟ್ ಮಾರುವವರು ನನ್ನ ಚೌಕಕ್ಕೆ ನಿಜವಾಗಿ ಎಷ್ಟು ಕೊಟ್ಟರು ಅಂತ ನನಗೆ ಯಾವತ್ತೂ ಗೊತ್ತಾಗಲಿಲ್ಲ. ನನಗೆ ಕಂಡದ್ದು ಈ ಕಂಪನಿಗೆ ಬಂದು ಸೇರಿದ್ದು ಮಾತ್ರ. ಅದರ ಹಿಂದೆ ಎಕ್ಸ್‌ಚೇಂಜ್ ಇದೆ, ಅದರ ಹಿಂದೆ ರಿಸೆಲ್ಲರ್, ಅದರ ಹಿಂದೆ ಕೊಳ್ಳುವವರ ಸಾಫ್ಟ್‌ವೇರ್, ಅದರ ಹಿಂದೆ ಏಜೆನ್ಸಿ. ಒಬ್ಬೊಬ್ಬರೂ ಒಂದೊಂದು ಹಿಡಿ ತೆಗೆದಿರುತ್ತಾರೆ. ಕಂಪನಿಯವರ 80-20 ಸುಳ್ಳಲ್ಲ. ಯಾವುದರ 80 ಅನ್ನುವುದು ಪ್ರಶ್ನೆ.

ನಾನು ಚಿಕ್ಕವನು, ಅದಕ್ಕೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ. ಹಾಗೇನಿಲ್ಲ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯವರು 2016ರಲ್ಲಿ ತಮ್ಮ ಸೈಟಿನ ಜಾಗವನ್ನು ತಾವೇ ಜಾಹೀರಾತುದಾರರ ಹಾಗೆ ದುಡ್ಡು ಕೊಟ್ಟು ಕೊಂಡು ನೋಡಿದರು. ಕೆಲವು ಸಲ ಒಂದು ಪೌಂಡಿನಲ್ಲಿ 30 ಪೆನ್ನಿ ಮಾತ್ರ ತಿರುಗಿ ಅವರಿಗೇ ಬಂತು. ನನ್ನ ಪ್ರಕಾರ ಈ ಇಡೀ ವ್ಯಾಪಾರದಲ್ಲಿ ಯಾರಾದರೂ ಮಾಡಿದ ಅತಿ ಬುದ್ಧಿವಂತ ಕೆಲಸ ಅದು. 2020ರಲ್ಲಿ ಅಲ್ಲಿನ ಜಾಹೀರಾತುದಾರರ ಸಂಘ ಪಿಡಬ್ಲ್ಯೂಸಿ ಲೆಕ್ಕಿಗರನ್ನು ಕೂರಿಸಿ ತಪಾಸಣೆ ಮಾಡಿಸಿತು. ಜಾಹೀರಾತುದಾರ ಕೊಟ್ಟ ನೂರರಲ್ಲಿ ಪ್ರಕಾಶಕರಿಗೆ, ಅಂದರೆ ಸೈಟ್ ನಡೆಸುವವರಿಗೆ, ಮುಟ್ಟಿದ್ದು 51. ಬಾಕಿಯಲ್ಲಿ 15 ಎಲ್ಲಿಗೆ ಹೋಯಿತು ಅಂತ ಲೆಕ್ಕಿಗರಿಗೇ ಸಿಗಲಿಲ್ಲ. ವರ್ಷಗಟ್ಟಲೆ ಕೂತು ಹುಡುಕಿದ ಲೆಕ್ಕಿಗರಿಗೆ ಸಿಗದ್ದು, ಶನಿವಾರ ರಾತ್ರಿ ಎಕ್ಸೆಲ್ ತೆರೆಯುವ ನನಗೆ ಸಿಗುತ್ತದಾ?

ದೊಡ್ಡ ಯಾರ್ಡಿನ ಯಜಮಾನರ ಮೇಲೂ ಕೇಸು ನಡೆದಿದೆ. ಅಮೆರಿಕ ಸರ್ಕಾರ 2023ರ ಜನವರಿಯಲ್ಲಿ ಗೂಗಲ್ ಮೇಲೆ ಹಾಕಿದ ದಾವೆಯಲ್ಲಿ, 2025ರ ಏಪ್ರಿಲ್ 17ಕ್ಕೆ ವರ್ಜೀನಿಯಾದ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ ತೀರ್ಪು ಕೊಟ್ಟರು. ಪ್ರಕಾಶಕರ ಕಡೆಯ ಸಾಫ್ಟ್‌ವೇರ್ ಮತ್ತು ಎಕ್ಸ್‌ಚೇಂಜ್, ಈ ಎರಡರಲ್ಲೂ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಇಟ್ಟುಕೊಂಡಿದೆ ಅಂತ. ಎಕ್ಸ್‌ಚೇಂಜ್ ಪ್ರತಿ ವ್ಯಾಪಾರದಲ್ಲಿ ಹಿಡಿಯುವ 20 ಪಾಲಿನ ಬಗ್ಗೆ ಅಲ್ಲಿ ಬಹಳ ಮಾತಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಯುರೋಪಿನವರು 295 ಕೋಟಿ ಯೂರೋ ದಂಡ ಹಾಕಿದರು. ನಮ್ಮಲ್ಲಿಯೂ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗ 2022ರ ಜನವರಿಯಲ್ಲೇ ತನಿಖೆಗೆ ಹೇಳಿದೆ. ಅಡಿಕೆ ಬೆಳೆಗಾರರ ಮಗನಿಗೆ ಇದನ್ನೆಲ್ಲ ಓದುವಾಗ ಒಂದು ತರಹ ಪರಿಚಿತ ಅನ್ನಿಸುತ್ತದೆ. ಯಾರ್ಡೂ ಅವರದ್ದೇ, ತಕ್ಕಡಿಯೂ ಅವರದ್ದೇ, ಮಾರುವವರ ಏಜೆಂಟೂ ಅವರೇ, ಕೊಳ್ಳುವವರ ಏಜೆಂಟೂ ಅವರೇ ಆದರೆ ಏನಾಗುತ್ತದೆ ಅಂತ ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಸಹಕಾರಿ ಸಂಘ ಕಟ್ಟಿದರು.

ಹಾಗಂತ ನನ್ನ ಕಂಪನಿಗೂ ಆ ಕೇಸಿಗೂ ಗಂಟು ಹಾಕಬೇಡಿ. ಇವರ ಸಮಸ್ಯೆ ಇವರದ್ದು. ಸಪೋರ್ಟ್ ಅಂದರೆ ಟಿಕೆಟ್ ನಂಬರ್. ಮೊದಲ ದಿನದ ಮರ್ಯಾದೆಯ ಹುಡುಗಿ ಮೂರನೇ ತಿಂಗಳಿಗೇ ಕೆಲಸ ಬಿಟ್ಟಿದ್ದಳು, ಆಮೇಲೆ ನಾಲ್ಕು ಜನ ಬದಲಾದರು, ಪ್ರತಿಯೊಬ್ಬರಿಗೂ ನನ್ನ ಸೈಟ್ ಯಾವ ಭಾಷೆಯದ್ದು ಅಂತ ಮೊದಲಿಂದ ಹೇಳಬೇಕು. ಒಬ್ಬರು ತೆಲುಗು ಅಂತಲೇ ನಂಬಿದ್ದರು.

ಬಿಡುವುದೂ ಸುಲಭವಲ್ಲ. 60 ದಿನ ಮೊದಲು ನೋಟಿಸ್ ಕೊಡಬೇಕು, ಆ 60 ದಿನ ಅವರ ಚೌಕಗಳನ್ನು ತೆಗೆಯುವ ಹಾಗಿಲ್ಲ. 2025ರ ಜೂನ್‌ನಲ್ಲಿ ಕೊಟ್ಟೆ, ಅಂದರೆ ಇನ್ನೊಂದು ಕೊಳೆರೋಗದ ಸೀಸನ್ ಪೂರ್ತಿ ಅವರ ಕೈಯಲ್ಲೇ ಹೋಯಿತು. ಆಗಸ್ಟ್ ಕೊನೆಗೆ ಅವರ ಕೋಡ್ ಕಿತ್ತು ಹಾಕಿ, ಆಡ್ಸ್ ಡಾಟ್ ಟಿಎಕ್ಸ್‌ಟಿಯ 340 ಸಾಲು ಅಳಿಸಿ, ಆಡ್‌ಸೆನ್ಸ್‌ನ ಒಂದೇ ಒಂದು ಸಾಲು ಉಳಿಸಿದೆ. ಬಿಡುವವರು ಈ ಅಳಿಸುವ ಕೆಲಸ ಮರೀಬೇಡಿ. ಕೋಡ್ ತೆಗೆದು ಕಡತ ಬಿಟ್ಟರೆ, ನಿಮ್ಮ ಹೆಸರಿನಲ್ಲಿ ಮಾರುವ ಅಧಿಕಾರಪತ್ರ ಅವರ ಜೇಬಿನಲ್ಲೇ ಉಳಿದ ಹಾಗೆ.

ಯಾರಿಗಾದರೂ ಇದು ಆಗುತ್ತದಾ? ಆಗುತ್ತದೆ. ತಿಂಗಳಿಗೆ ಹತ್ತಿಪ್ಪತ್ತು ಲಕ್ಷ ಪುಟ ಇದ್ದು, ಓದುಗರಲ್ಲಿ ಒಳ್ಳೆಯ ಭಾಗ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದವರಾಗಿದ್ದು, ಲೆಕ್ಕ ನೋಡಲು ಒಬ್ಬರು ಆಳು ಇದ್ದರೆ ಎಕ್ಸ್‌ಚೇಂಜ್‌ಗಳಿಂದ ನಿಜಕ್ಕೂ ಜಾಸ್ತಿ ದುಡ್ಡು ಬರುತ್ತದೆ. ಆಪ್ ಮಾಡುವವರ ಲೋಕವೇ ಬೇರೆ, ಅಲ್ಲಿ ಬೆಂಗಳೂರಿನ ಇನ್‌ಮೊಬಿಯಂಥ ನಮ್ಮವರೂ ದೊಡ್ಡವರೇ, ಆದರೆ ನನಗೆ ಆಪ್ ಇಲ್ಲ, ಅದರ ಬಗ್ಗೆ ನನ್ನ ಮಾತು ಬೇಡ. ನನ್ನ ಅಳತೆಯ ಕನ್ನಡ ಸೈಟಿಗಾದರೆ ಬೇಡ. ಸಹಿ ಹಾಕಲೇಬೇಕು ಅನ್ನಿಸಿದರೆ ಮೊದಲು ಕೇಳಿ: ತೋರಿಸುವ ಲೆಕ್ಕ ಪಾಲು ಕಳೆದದ್ದೋ ಕಳೆಯದ್ದೋ, ದುಡ್ಡು ಎಷ್ಟು ದಿನಕ್ಕೆ, ಕಡಿತದ ವಿವರ ಕೊಡುತ್ತೀರಾ, ಬಿಡಲು ಎಷ್ಟು ದಿನ, ಪುಟಕ್ಕೆ ಎಷ್ಟು ಚೌಕ ಅಂತ ನಾನು ಹೇಳಬಹುದೋ ನೀವು ಹೇಳುತ್ತೀರೋ. ಬರವಣಿಗೆಯಲ್ಲಿ ಕೇಳಿ. ಫೋನಿನಲ್ಲಿ ಎಲ್ಲರೂ ಹೂಂ ಅನ್ನುತ್ತಾರೆ.

ಐದಕ್ಕೆ ಒಂದೂವರೆ ಕೊಡುತ್ತೇನೆ. ಒಂದು ಆ ಡ್ಯಾಶ್‌ಬೋರ್ಡಿಗೆ, ಅರ್ಧ ಆ ಹುಡುಗಿಗೆ.

ಈಗ ಪುಟಕ್ಕೆ ಎರಡೇ ಚೌಕ, ಎರಡೂ ಆಡ್‌ಸೆನ್ಸ್‌ನದ್ದು. ಬೋರ್ಡೋ ದ್ರಾವಣದ ಪುಟದಲ್ಲಿ ಮಾತ್ರ ಅದೂ ಇಲ್ಲ. ನಮ್ಮೂರ ಹತ್ತಿರದ ನರ್ಸರಿಯವರೊಬ್ಬರು, ಕಾಳುಮೆಣಸಿನ ಬಳ್ಳಿ, ಅಡಿಕೆ ಸಸಿ ಮಾರುವವರು, ಆ ಒಂದು ಪುಟಕ್ಕೆ ವರ್ಷಕ್ಕೆ 9,000 ರೂಪಾಯಿ ಕೊಟ್ಟಿದ್ದಾರೆ. ಕನ್ನಡದಲ್ಲಿ ಒಂದು ಚಿತ್ರ, ಕೆಳಗೆ ಫೋನ್ ನಂಬರ್. ಹರಾಜಿಲ್ಲ, ಕುಕಿ ಇಲ್ಲ. ರಸೀದಿ ಪುಸ್ತಕದಿಂದ ಒಂದು ಹಾಳೆ ಹರಿದು ಕೊಟ್ಟೆ. ಅವರು ಮೊನ್ನೆ ಫೋನ್ ಮಾಡಿ, ಹೋದ ಮಳೆಗಾಲದಲ್ಲಿ ನಿಮ್ಮ ಪೇಜ್ ನೋಡಿ 40 ಜನ ಬಂದಿದ್ದರು ಮಾರಾಯರೇ, ಬರೆದಿಟ್ಟಿದ್ದೇನೆ ಅಂದರು. ದೊಡ್ಡಪ್ಪನೂ ಅಲ್ಲಿಂದಲೇ ಸಸಿ ತಂದರಂತೆ, ಸಂಬಂಧಿಕರು ಅಂತ ಕಡಿಮೆ ಮಾಡಿಸಿಕೊಂಡು.

ಆ ಎರಡು ತಿಂಗಳ ದುಡ್ಡು ಇನ್ನೂ ಬಂದಿಲ್ಲ. ಟಿಕೆಟ್ ತೆರೆದಿದೆ.